ಕಿಬ್ಲಾ ಗೊತ್ತು, ಬಾಗಿಲು ಯಾವ ಕಡೆ?

ಶಿರಸಿಯಿಂದ ಮೆಕ್ಕಾ ಯಾವ ದಿಕ್ಕಿಗಿದೆ ಅಂತ ನಮ್ಮ ಅಮ್ಮಿಯನ್ನು ಕೇಳಿ ನೋಡಿ. ಫೋನು ತೆಗೆಯೋದಿಲ್ಲ, ಆ್ಯಪ್ ಹುಡುಕೋದಿಲ್ಲ. ಜಾನಮಾಜನ್ನು ಪಶ್ಚಿಮಕ್ಕೆ ಹಾಸಿ ಬಲಗಡೆಗೆ ತುಸು ಓರೆ ಮಾಡುತ್ತಾಳೆ. ಒಮ್ಮೆ ಕುತೂಹಲಕ್ಕೆ ಲೆಕ್ಕ ಹಾಕಿ ನೋಡಿದೆ. ನಮ್ಮೂರಿನಿಂದ ಕಿಬ್ಲಾ ಇರೋದು ಪಶ್ಚಿಮದಿಂದ ಉತ್ತರಕ್ಕೆ ಸುಮಾರು 17 ಡಿಗ್ರಿ. ಅಮ್ಮಿಯ ಓರೆ ಹೆಚ್ಚುಕಮ್ಮಿ ಅಷ್ಟೇ ಇದೆ. ಐದು ಹೊತ್ತು, ಐವತ್ತು ವರ್ಷ, ಅದೇ ಓರೆ.

ನಮಾಜಿಗೆ ಯಾವ ಕಡೆ ತಿರುಗಬೇಕು ಅನ್ನೋದು ಅವಳಿಗೆ ಯಾವತ್ತೂ ಸಮಸ್ಯೆ ಆಗಿಲ್ಲ. ಒಂದು ಪ್ರಶ್ನೆ ಇದ್ದಾಗ ಯಾರ ಕಡೆ ತಿರುಗಬೇಕು ಅನ್ನೋದೇ ಸಮಸ್ಯೆ.

ಅಬ್ಬಾ ತೀರಿಕೊಂಡಾಗ ಅಮ್ಮಿಗೆ 62 ವರ್ಷ. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂರಬೇಕು. ಅಮ್ಮಿ ಕೂತಳು. ಅವಳಿಗೆ ಸಕ್ಕರೆ ಕಾಯಿಲೆ. ಮೂರನೇ ವಾರಕ್ಕೆ ಕಾಲಿನ ಹೆಬ್ಬೆರಳಲ್ಲಿ ಒಂದು ಗಾಯ ಆಯಿತು, ಮಾಯಲಿಲ್ಲ. ಆಸ್ಪತ್ರೆಗೆ ಹೋಗಿ ಡ್ರೆಸ್ಸಿಂಗ್ ಮಾಡಿಸಬಹುದಾ, ಡಾಕ್ಟರು ಗಂಡಸು, ಹೋಗಿ ಬಂದರೆ ಇದ್ದತ್ ಮುರಿಯುತ್ತದಾ? ಇದು ಅವಳ ಪ್ರಶ್ನೆ. ನಮ್ಮ ಮಸೀದಿ ಮನೆಯಿಂದ ಇನ್ನೂರು ಹೆಜ್ಜೆ. ಆ ಇನ್ನೂರು ಹೆಜ್ಜೆಯನ್ನು ಅವಳು ಜೀವಮಾನದಲ್ಲಿ ಒಮ್ಮೆಯೂ ನಡೆದಿಲ್ಲ, ಇದ್ದತ್ ಇಲ್ಲದಾಗಲೂ ಸಹ. ಅಲ್ಲಿ ಹೆಂಗಸರಿಗೆ ಬಾಗಿಲಿಲ್ಲ. ಹಾಗಾಗಿ ನನ್ನ ಅಕ್ಕ ಒಂದು ಚೀಟಿ ಬರೆದಳು. ನಾವೆಲ್ಲ ಕನ್ನಡ ಶಾಲೆಯಲ್ಲಿ ಓದಿದವರು, ಚೀಟಿ ಕನ್ನಡದಲ್ಲಿತ್ತು. ಹನ್ನೆರಡು ವರ್ಷದ ಅಕ್ಕನ ಮಗ ಅಸರ್ ನಮಾಜಿಗೆ ಹೋಗುವಾಗ ತಗೊಂಡು ಹೋದ. ಇಮಾಮ್ ಸಾಹೇಬರು ಬಿಹಾರದವರು, ಪಾಪ, ಕನ್ನಡ ಓದಲು ಬರೋದಿಲ್ಲ. ಹುಡುಗನೇ ಬಾಯಲ್ಲಿ ಹೇಳಿದ: ‘ಹಜ್ರತ್, ನಾನಿ ಇದ್ದತ್‌ನಲ್ಲಿದ್ದಾರೆ, ಹೊರಗೆ ಹೋಗಬಹುದಾ?’ ಉತ್ತರ ಬಂತು: ‘ಇಲ್ಲ ಬೇಟಾ, ಮನೇಲೇ ಇರಬೇಕು.’

ಅಮ್ಮಿ ಮನೇಲೇ ಇದ್ದಳು. ಅರಿಶಿನ ಹಚ್ಚಿಕೊಂಡು ಇದ್ದಳು. ನಾನು ಬೆಂಗಳೂರಿನಿಂದ ಫೋನು ಮಾಡಿದಾಗಲೆಲ್ಲ ‘ಚೆನ್ನಾಗಿದೀನಿ’ ಅಂದಳು. ಇದ್ದತ್ ಮುಗಿದ ವಾರವೇ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಹೆಬ್ಬೆರಳು ತೆಗೆದರು.

ಇಮಾಮರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಮುಟ್ಟಿದ ಪ್ರಶ್ನೆಗೆ ಅವರು ಕೊಟ್ಟ ಉತ್ತರ ತಪ್ಪಲ್ಲ. ಗಾಯದ ವಿಷಯ ಅವರಿಗೆ ಮುಟ್ಟಲೇ ಇಲ್ಲ. ಮುಟ್ಟಿದ್ದರೆ ಅವರೇ ‘ಹೋಗಿ ಬನ್ನಿ’ ಅಂತಿದ್ದರು. ಯಾಕಂದರೆ ಅವರು ಓದಿದ ಹನಫಿ ಫಿಕ್ಹ್ ಪ್ರಕಾರವೇ, ಗಂಡ ಸತ್ತ ಹೆಂಗಸು ಅಗತ್ಯಕ್ಕೆ ಹಗಲು ಹೊತ್ತು ಹೊರಗೆ ಹೋಗಬಹುದು, ರಾತ್ರಿ ಮಾತ್ರ ತನ್ನ ಮನೆಯಲ್ಲೇ ಕಳೆಯಬೇಕು. ಚಿಕಿತ್ಸೆಗಿಂತ ದೊಡ್ಡ ಅಗತ್ಯ ಯಾವುದು? ಇದನ್ನು ನನಗೆ ಹೇಳಿದ್ದು ಬೆಂಗಳೂರಿನ ಒಬ್ಬ ಆಲಿಮಾ, ಹೆಬ್ಬೆರಳು ಹೋದ ಮೇಲೆ, ಎರಡೇ ನಿಮಿಷದಲ್ಲಿ. ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿನ ಎದುರು ಕೂತು ಪೂರ್ತಿ ಪ್ರಶ್ನೆ ಕೇಳಿದ್ದರಿಂದ.

ಅವತ್ತಿನಿಂದ ನನ್ನ ತಲೆಯಲ್ಲಿ ಇರುವುದು ಒಂದೇ. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಸೀದಿಗಳು ಹೆಂಗಸರಿಗೆ ಬಾಗಿಲು ತೆರೆಯಬೇಕು. ‘ಪರಿಶೀಲಿಸೋಣ’ ಅಲ್ಲ, ‘ಕಾಲ ಬರಲಿ’ ಅಲ್ಲ. ತೆರೆಯಬೇಕು. ಇದಕ್ಕೆ ಬರುವ ಒಂದೊಂದು ತಕರಾರಿಗೂ ಉತ್ತರ ಕೊಡುತ್ತೇನೆ, ಓದಿ ಆಮೇಲೆ ಬೈಯಿರಿ.

ಮೊದಲು, ನಮ್ಮ ಕಡೆ ಗಂಡಸರು ಧರ್ಮದ ವಿಷಯಕ್ಕೆ ಎಲ್ಲಿಗೆ ಹೋಗುತ್ತಾರೆ ಅಂತ ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಉತ್ತರ ಕನ್ನಡ ಒಂದೇ ಜಿಲ್ಲೆ, ಆದರೆ ಘಟ್ಟ ಅದನ್ನು ಎರಡು ಮಾಡಿದೆ. ಕೆಳಗೆ ಭಟ್ಕಳದ ನವಾಯತರು ಶಾಫಿಈ ಪಂಥದವರು. ಮೇಲೆ ದಖನಿ ಮಾತಾಡುವ ನಾವು ಬಹುತೇಕ ಹನಫಿಗಳು. ಅಸರ್ ನಮಾಜಿನ ಹೊತ್ತೇ ಬೇರೆ. ಒಂದು ಕೋಲಿನ ನೆರಳು, ನಡುಮಧ್ಯಾಹ್ನದ ನೆರಳನ್ನು ಬಿಟ್ಟು, ಕೋಲಿನಷ್ಟೇ ಉದ್ದವಾದಾಗ ಅವರಿಗೆ ಅಸರ್ ಶುರು. ಎರಡು ಪಟ್ಟು ಆದಾಗ ನಮಗೆ. ಹಬ್ಬವೂ ಕೆಲವೊಮ್ಮೆ ಬೇರೆ ದಿನ. 2024ರಲ್ಲಿ ಭಟ್ಕಳದವರು ಕರಾವಳಿಯ ಉಳಿದವರ ಜೊತೆ, ಕೇರಳದ ಚಂದ್ರದರ್ಶನ ನೋಡಿ ಏಪ್ರಿಲ್ 10ಕ್ಕೆ ಈದ್ ಮಾಡಿದರು. ಘಟ್ಟದ ಮೇಲೆ ಏಪ್ರಿಲ್ 11ಕ್ಕೆ. 2020ರಲ್ಲೂ ಹೀಗೇ ಒಂದು ದಿನ ಹಿಂದೆ ಮುಂದೆ.

ಈ ಎಲ್ಲ ವ್ಯತ್ಯಾಸದ ಬಗ್ಗೆ ನಮ್ಮ ಗಂಡಸರು ಚಹಾದಂಗಡಿಯಲ್ಲಿ ಗಂಟೆಗಟ್ಟಲೆ ಮಾತಾಡಬಲ್ಲರು. ಯಾರು ದೇವಬಂದಿ, ಯಾರು ಬರೇಲ್ವಿ, ಯಾರು ತಬ್ಲೀಗಿನ ಜೊತೆ ನಲವತ್ತು ದಿನ ಹೋಗಿಬಂದರು, ಎಲ್ಲ ಗೊತ್ತು. ಸಂದೇಹ ಬಂದರೆ ಇಮಾಮರನ್ನು ಕೇಳುತ್ತಾರೆ. ಇಮಾಮರಿಗೆ ಗೊತ್ತಾಗದಿದ್ದರೆ ಮುಫ್ತಿಗಳಿಗೆ ಫೋನು ಹೋಗುತ್ತದೆ. ಇನ್ನೂ ದೊಡ್ಡ ವಿಷಯವಾದರೆ ಬೆಂಗಳೂರಿನ ಸಬೀಲುರ್ರಶಾದ್ ಮದರಸಾದವರೆಗೂ ಹೋಗುತ್ತದೆ. ಅವರಿಗೆ ಮೆಟ್ಟಿಲು ಮೇಲೆ ಮೆಟ್ಟಿಲು ಇದೆ. ಮತ್ತು ಅವರಿಗೆ ಒಂದು ವಿಷಯ ಗೊತ್ತು: ಫತ್ವಾ ಅಂದರೆ ಆಜ್ಞೆ ಅಲ್ಲ, ಒಬ್ಬ ವಿದ್ವಾಂಸರ ಅಭಿಪ್ರಾಯ. ಅದಕ್ಕೆ ಕಾನೂನಿನ ಬಲ ಇಲ್ಲ ಅಂತ ಸುಪ್ರೀಂ ಕೋರ್ಟೇ 2014ರ ಜುಲೈಯಲ್ಲಿ ಹೇಳಿದೆ. ಗಂಡಸಿಗೆ ಒಂದು ಅಭಿಪ್ರಾಯ ಒಪ್ಪಿಗೆಯಾಗದಿದ್ದರೆ ಇನ್ನೊಬ್ಬರನ್ನು ಕೇಳುತ್ತಾನೆ. ಹೆಂಗಸಿನ ಮನೆಗೆ ಬರೋದು ಒಂದೇ ಉತ್ತರ, ಅದೂ ಮಗನೋ ಗಂಡನೋ ಮೊಮ್ಮಗನೋ ಹೊತ್ತು ತಂದದ್ದು. ಅವಳ ಪಾಲಿಗೆ ಅಭಿಪ್ರಾಯವೇ ಆಜ್ಞೆ.

ಹಾಗಾದರೆ ಹೆಂಗಸರು ಎಲ್ಲಿಗೆ ಹೋಗುತ್ತಾರೆ? ಎಲ್ಲಿ ಬಾಗಿಲು ಇದೆಯೋ ಅಲ್ಲಿಗೆ. ದರ್ಗಾಕ್ಕೆ ಹೋಗುತ್ತಾರೆ. ಶಿಗ್ಗಾಂವಿ ತಾಲೂಕಿನ ಹುಲಗೂರಿಗೆ ಹೋಗುತ್ತಾರೆ. ಶಿಶುನಾಳ ಶರೀಫರ ತಂದೆತಾಯಿ ಮಗು ಬೇಕು ಅಂತ ಹರಕೆ ಹೊತ್ತ ಜಾಗ ಅದು. ನನ್ನ ಯಲ್ಲಾಪುರದ ಖಾಲಾ ಶಕ್ತಿ ಯೋಜನೆ ಬಂದಮೇಲೆ, ಅಂದರೆ 2023ರ ಜೂನಿನಿಂದೀಚೆಗೆ, ಬಸ್ಸಿಗೆ ದುಡ್ಡಿಲ್ಲ ಅಂತ ನಾಲ್ಕು ಸಲ ಹೋಗಿ ಬಂದಿದ್ದಾಳೆ. ಅಲ್ಲಿ ಅಳಬಹುದು, ಕೂರಬಹುದು, ಪಕ್ಕದಲ್ಲಿ ಕೂತವಳ ಕಷ್ಟ ಕೇಳಬಹುದು. ‘ದರ್ಗಾಕ್ಕೆ ಹೋಗೋದು ಶಿರ್ಕ್, ಬಿಡಿಸಬೇಕು’ ಅಂತ ಶುಕ್ರವಾರದ ಬಯಾನಿನಲ್ಲಿ ಬೈಯುವವರು ಇದ್ದಾರೆ. ಸ್ವಾಮಿ, ಬೈಯೋದು ಆಮೇಲೆ, ಮೊದಲು ಹೇಳಿ, ಮಸೀದಿ ಬಾಗಿಲು ಹಾಕಿದ ಮೇಲೆ ಅವರು ಬೇರೆ ಎಲ್ಲಿಗೆ ಹೋಗಬೇಕಿತ್ತು? ಮತ್ತೆ, ಆ ಬಯಾನು ಅವರಿಗೆ ಕೇಳಿಸಬೇಕಾದರೂ ಅವರು ಅಲ್ಲಿ ಇರಬೇಕಲ್ಲವಾ?

ಇನ್ನು ನನ್ನ ಓರಗೆಯವರು ಯೂಟ್ಯೂಬಿಗೆ ಹೋಗುತ್ತಾರೆ. ಯಾವುದೋ ದೇಶದ ಯಾವುದೋ ಮೌಲಾನಾ, ಹಿಂದೆ ಹಸಿರು ಪರದೆ, ಕೆಂಪು ಅಕ್ಷರದ ಶೀರ್ಷಿಕೆ. ನಮ್ಮೂರಿನ ಮಳೆ, ನಮ್ಮ ಬಸ್ಸು, ನಮ್ಮ ಮನೆ ಪರಿಸ್ಥಿತಿ ಯಾವುದೂ ಗೊತ್ತಿಲ್ಲದ ಮನುಷ್ಯ ನಮಗೆ ಹೇಗೆ ಬದುಕಬೇಕು ಅಂತ ಹೇಳುತ್ತಾನೆ. ಹೆಚ್ಚು ಸಿಟ್ಟಿನಲ್ಲಿ ಮಾತಾಡಿದವನಿಗೆ ಹೆಚ್ಚು ವೀಕ್ಷಣೆ. ಮಸೀದಿ ಕಮಿಟಿಯವರು ‘ಹೆಣ್ಣುಮಕ್ಕಳು ಫೋನಿನಿಂದ ಹಾಳಾದರು’ ಅಂತಾರೆ. ಫೋನಿಗೆ ಕಳಿಸಿದವರು ಯಾರು?

ಈಗ ತಕರಾರುಗಳಿಗೆ ಬರೋಣ.

ಒಂದನೆಯದು: ‘ಧರ್ಮದಲ್ಲಿ ಇಲ್ಲ.’ ಇದು ಶುದ್ಧ ಸುಳ್ಳು, ಹೇಳುವವರಿಗೂ ಅದು ಗೊತ್ತು. ಅಲ್ಲಾಹನ ಮಸೀದಿಗಳಿಗೆ ಹೋಗದಂತೆ ಹೆಂಗಸರನ್ನು ತಡೆಯಬೇಡಿ ಅಂತ ಪ್ರವಾದಿಯವರು ಹೇಳಿದ್ದು ಬುಖಾರಿ, ಮುಸ್ಲಿಂ ಎರಡೂ ಹದೀಸ್ ಸಂಗ್ರಹಗಳಲ್ಲಿದೆ. ವರದಿ ಮಾಡಿದವರು ಖಲೀಫ ಉಮರ್ ಅವರ ಮಗ ಇಬ್ನ್ ಉಮರ್. ಇದನ್ನು ಕೇಳಿದ ಅವರ ಮಗನೇ ‘ನಾವಂತೂ ತಡೆಯುತ್ತೇವೆ’ ಅಂದಾಗ, ಅವರು ಅವನಿಗೆ ಹಿಂದೆಂದೂ ಬೈಯದ ಹಾಗೆ ಬೈದರು ಅನ್ನೋದೂ ದಾಖಲಾಗಿದೆ. ಸ್ವತಃ ಉಮರ್ ಅವರಿಗೆ ತಮ್ಮ ಪತ್ನಿ ಮಸೀದಿಗೆ ಹೋಗೋದು ಇಷ್ಟವಿರಲಿಲ್ಲ. ಆದರೂ ಆಕೆ ಬೆಳಗಿನ ಮತ್ತು ರಾತ್ರಿಯ ನಮಾಜಿಗೆ ಹೋಗುತ್ತಿದ್ದರು, ಉಮರ್ ತಡೆಯಲಿಲ್ಲ, ಪ್ರವಾದಿಯವರ ಮಾತು ಅಡ್ಡ ಇತ್ತು. ಉಮರ್ ಅವರಂಥ ಉಮರ್ ತಡೆಯದಿದ್ದದ್ದನ್ನು ನಮ್ಮೂರಿನ ಕಮಿಟಿ ತಡೆಯುತ್ತಿದೆ. ಇನ್ನೊಂದು ಹದೀಸ್ ನನಗೆ ಬಹಳ ಇಷ್ಟ. ನಮಾಜ್ ನಡೆಸುವಾಗ ಮಗು ಅಳೋದು ಕೇಳಿದರೆ, ತಾಯಿಗೆ ಕಷ್ಟ ಆಗಬಾರದು ಅಂತ ಪ್ರವಾದಿಯವರು ನಮಾಜನ್ನು ಚಿಕ್ಕದು ಮಾಡುತ್ತಿದ್ದರಂತೆ. ಅಂದರೆ ತಾಯಂದಿರು ಅಲ್ಲೇ ಇದ್ದರು, ಕೂಸುಗಳ ಸಮೇತ ಇದ್ದರು.

ಎರಡನೆಯದು: ‘ನಮ್ಮ ಮಜ್‌ಹಬ್‌ನಲ್ಲಿ ಇಲ್ಲ.’ ಹನಫಿ ಪುಸ್ತಕಗಳನ್ನೇ ತೆಗೆಯೋಣ. ವಯಸ್ಸಾದ ಹೆಂಗಸರು ಫಜ್ರ್, ಮಗ್ರಿಬ್, ಇಶಾಕ್ಕೆ ಮಸೀದಿಗೆ ಹೋಗಬಹುದು ಅಂತ ಇಮಾಮ್ ಅಬೂ ಹನೀಫಾ ಅವರ ಅಭಿಪ್ರಾಯ. ಅವರ ಇಬ್ಬರು ಮುಖ್ಯ ಶಿಷ್ಯರು, ಅಬೂ ಯೂಸುಫ್ ಮತ್ತು ಮುಹಮ್ಮದ್, ಐದೂ ಹೊತ್ತು ಹೋಗಬಹುದು ಅಂದರು. ಕಾಲ ಕೆಟ್ಟಿದೆ, ಫಿತ್ನಾ ಆಗುತ್ತದೆ ಅಂತ ಅದನ್ನೂ ಮುಚ್ಚಿದವರು ನಂತರದ ವಿದ್ವಾಂಸರು. ಅವರ ಕಾಲಕ್ಕೆ ಅವರಿಗೆ ಹಾಗೆ ಕಂಡಿರಬಹುದು. ಆದರೆ ಕಾಲ ನೋಡಿ ಮುಚ್ಚಿದ್ದನ್ನು ಕಾಲ ನೋಡಿ ತೆರೆಯಬಾರದು ಅನ್ನೋದಕ್ಕೆ ಯಾವ ಆಧಾರ? 62 ವರ್ಷದ ನಮ್ಮ ಅಮ್ಮಿಗೆ ಇಮಾಮ್ ಅಬೂ ಹನೀಫಾ ಅವರೇ ಕೊಟ್ಟ ಅನುಮತಿಯನ್ನು, ಅವರ ಹೆಸರು ಹೇಳಿಕೊಂಡೇ ಕಿತ್ತುಕೊಂಡಿದ್ದೀರಿ.

ಮೂರನೆಯದು: ‘ಹೆಂಗಸರಿಗೆ ಮನೆಯ ನಮಾಜೇ ಉತ್ತಮ, ಹದೀಸ್ ಇದೆ. ಈಗಿನ ಹೆಂಗಸರನ್ನು ಪ್ರವಾದಿಯವರು ನೋಡಿದ್ದರೆ ತಡೆಯುತ್ತಿದ್ದರು ಅಂತ ಹಜ್ರತ್ ಆಯಿಶಾ ಅವರೇ ಹೇಳಿದ್ದಾರೆ.’ ಹೌದು, ಎರಡೂ ಇದೆ. ಇದು ಎದುರಿನವರ ಗಟ್ಟಿ ವಾದ, ನಾನು ಮುಚ್ಚಿಡೋದಿಲ್ಲ. ಆದರೆ ‘ಉತ್ತಮ’ ಅಂದರೆ ಉಳಿದದ್ದು ನಿಷಿದ್ಧ ಅಂತ ಅರ್ಥವಾ? ಮನೆಯಲ್ಲಿ ಓದೋದು ಉತ್ತಮ ಅಂತ ಆರಿಸಿಕೊಳ್ಳಬೇಕಾದರೆ ಹೋಗುವ ದಾರಿಯೂ ತೆರೆದಿರಬೇಕು. ಆಯಿಶಾ ಅವರದ್ದು ತಮ್ಮ ಸುತ್ತಲಿನವರ ಬಗ್ಗೆ ಬೇಸರದ ಮಾತು. ಅದನ್ನು ಹೇಳಿದ ಮೇಲೆ ಮದೀನಾದ ಮಸೀದಿಗೆ ಹೆಂಗಸರು ಹೋಗೋದೇನೂ ನಿಂತುಹೋಗಲಿಲ್ಲ. ಇವತ್ತಿಗೂ ನಿಂತಿಲ್ಲ. ಮೆಕ್ಕಾದ ಹರಮ್‌ನಲ್ಲಿ ಹೆಂಗಸರು ಗಂಡಸರು ಒಂದೇ ಅಂಗಳದಲ್ಲಿ ಕಾಬಾದ ಸುತ್ತ ಬರುತ್ತಾರೆ. 45 ದಾಟಿದ ಹೆಂಗಸರು ಮೆಹ್ರಮ್ ಇಲ್ಲದೆ ನಾಲ್ಕು ಜನರ ಗುಂಪಾಗಿ ಹಜ್‌ಗೆ ಹೋಗಲು 2018ರಿಂದ ನಮ್ಮ ದೇಶದಲ್ಲೇ ಅವಕಾಶ ಇದೆ. ಸಾವಿರಾರು ಮೈಲಿ ದೂರದ ಅಲ್ಲಾಹನ ಮನೆಗೆ ಹೋಗಬಹುದಾದ ಹೆಂಗಸು, ಇನ್ನೂರು ಹೆಜ್ಜೆ ದೂರದ ಅಲ್ಲಾಹನ ಮನೆಗೆ ಹೋಗಬಾರದು. ಇದನ್ನು ಗಟ್ಟಿಯಾಗಿ ಒಮ್ಮೆ ಓದಿಕೊಳ್ಳಿ, ನಗು ಬರದಿದ್ದರೆ ಕೇಳಿ.

ಅದಿರಲಿ, ಮಸೀದಿ ಬರೀ ನಮಾಜಿಗಾ? ಮದುವೆಯ ನಿಕಾಹ್ ಅಲ್ಲಿ. ತಲಾಕಿನ ಪಂಚಾಯಿತಿ ಅಲ್ಲಿ. ಜಕಾತ್ ಯಾರಿಗೆ ಕೊಡಬೇಕು ಅನ್ನೋ ತೀರ್ಮಾನ ಅಲ್ಲಿ. ಮಳೆಗಾಲದಲ್ಲಿ ಯಾರದೋ ಗೋಡೆ ಬಿದ್ದರೆ ಚಂದಾ ಎತ್ತೋದು ಅಲ್ಲಿ. ಇವುಗಳಲ್ಲಿ ಹೆಂಗಸಿಗೆ ಸಂಬಂಧಿಸದ್ದು ಯಾವುದು? ಒಂದು ಹೆಣ್ಣಿನ ಸಂಸಾರ ಉಳಿಯಬೇಕಾ ಬೇಡವಾ ಅಂತ ಹತ್ತು ಗಂಡಸರು ಕೂತು ಮಾತಾಡುತ್ತಾರೆ, ಅವಳು ಮನೆಯಲ್ಲಿ ಕಾಯುತ್ತಾಳೆ. ಹೀಗೆ ಕಾದು ಕಾದು ಸಾಕಾದ ಹೆಂಗಸರೇ ಕೊನೆಗೆ ಕೋರ್ಟಿಗೆ ಹೋದದ್ದು. 1985ರ ಶಾಬಾನು ಪ್ರಕರಣವೂ ಹಾಗೇ, 2017ರ ಶಾಯರಾ ಬಾನು ಪ್ರಕರಣವೂ ಹಾಗೇ. ಆಗ ‘ನಮ್ಮ ಮನೆ ವಿಷಯ ಕೋರ್ಟಿಗೆ ಒಯ್ದರು’ ಅಂತ ಗೋಳಾಡಿದೆವು. ಮನೆಯೊಳಗೆ ಕೇಳುವ ಜಾಗ ಇದ್ದಿದ್ದರೆ ಯಾಕೆ ಹೋಗುತ್ತಿದ್ದರು?

ನಾಲ್ಕನೆಯದು: ‘ಜಾಗ ಇಲ್ಲ.’ ಈ ಮಾತನ್ನು ನನಗೆ ಹೇಳಿದ ಹಿರಿಯರು ನಿಂತಿದ್ದದ್ದು ಹೊಸದಾಗಿ ಹಾಕಿದ ಗ್ರಾನೈಟ್ ನೆಲದ ಮೇಲೆ. ಮಿನಾರಿಗೆ ದುಡ್ಡು ಇತ್ತು, ಜನರೇಟರಿಗೆ ಇತ್ತು, ಗುಮ್ಮಟದ ದೀಪದ ಸರಕ್ಕೆ ಇತ್ತು. ಹಿಂದಿನ ಗೋಡೆಗೆ ಒಂದು ಬಾಗಿಲು, ಒಂದು ಕೋಣೆ, ಎರಡು ವಜೂ ನಲ್ಲಿ, ಒಂದು ಸಂಡಾಸು, ಒಂದು ಸ್ಪೀಕರಿಗೆ ಇಲ್ಲ.

ಸಂಡಾಸಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಸಿದ್ದಾಪುರದ ಹಳ್ಳಿ ಕಡೆಯಿಂದ ಶಿರಸಿಗೆ ಆಸ್ಪತ್ರೆಗೋ ಕಚೇರಿಗೋ ಬರುವ ನಮ್ಮ ಹೆಂಗಸರನ್ನು ನೆನೆಸಿಕೊಳ್ಳಿ. ಬೆಳಗ್ಗೆ ಎಂಟಕ್ಕೆ ಬಸ್ಸು ಹತ್ತಿದರೆ ಮನೆ ಮುಟ್ಟೋದು ಕತ್ತಲಾದ ಮೇಲೆ. ಜೊತೆಗೆ ಬಂದ ಗಂಡ ಜುಹರ್ ಆದಕೂಡಲೇ ಹತ್ತಿರದ ಮಸೀದಿಗೆ ಹೋಗಿ ಕೈಕಾಲು ಮುಖ ತೊಳೆದು, ನಮಾಜ್ ಮಾಡಿ, ಫ್ಯಾನಿನ ಕೆಳಗೆ ಹತ್ತು ನಿಮಿಷ ಬೆನ್ನು ಚಾಚಿ ಬರುತ್ತಾನೆ. ಅವಳು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಸಾಮಾನು ಕಾಯುತ್ತ ಕೂತಿರುತ್ತಾಳೆ. ಜುಹರ್ ಹೋಯಿತು, ಅಸರ್ ಹೋಯಿತು. ನಮಾಜ್ ಬಿಡೋದು ಪಾಪ ಅಂತ ಚಿಕ್ಕಂದಿನಿಂದ ಹೇಳಿಕೊಟ್ಟವರೇ ಅವಳ ನಮಾಜಿಗೆ ಜಾಗ ಕೊಟ್ಟಿಲ್ಲ. ಹಾಗಾದರೆ ಆ ಪಾಪ ಯಾರ ಲೆಕ್ಕಕ್ಕೆ ಹೋಗಬೇಕು ಅಂತ ಯಾರಾದರೂ ಮುಫ್ತಿಗಳನ್ನು ಕೇಳಿ ಹೇಳಿ.

ಐದನೆಯದು, ಇದನ್ನು ಸ್ವಲ್ಪ ದನಿ ತಗ್ಗಿಸಿ ಹೇಳುತ್ತಾರೆ: ‘ಈಗ ಬೇಡಮ್ಮ. ಕಾಲ ಸರಿಯಿಲ್ಲ. ನಮ್ಮ ಮೇಲೆ ಎಲ್ಲರ ಕಣ್ಣಿದೆ. ನೀನು ಹೀಗೆ ಬರೆದರೆ ಅವರಿಗೆ ಆಯುಧ ಕೊಟ್ಟ ಹಾಗೆ.’

ಈ ಹೆದರಿಕೆ ಸುಳ್ಳಲ್ಲ. ಹಾಗಾಗಿ ಮೊದಲು ಆ ‘ಅವರಿಗೆ’ ಒಂದು ಮಾತು. ಇದನ್ನು ಓದುತ್ತ ‘ನೋಡಿ, ನಾವು ಹೇಳಲಿಲ್ವಾ’ ಅಂತ ಫಾರ್ವರ್ಡ್ ಮಾಡಲು ಬೆರಳು ಎತ್ತಿದವರು ದಯವಿಟ್ಟು ಇಳಿಸಿ. 2018ರ ಸೆಪ್ಟೆಂಬರಿನಲ್ಲಿ ಶಬರಿಮಲೆ ತೀರ್ಪು ಬಂದಾಗ ನನ್ನ ಆಫೀಸಿನ ಲಂಚ್ ಟೇಬಲ್ಲಿನಲ್ಲಿ ನಡೆದ ಮಾತು ನನಗೆ ನೆನಪಿದೆ. ‘ಸಂಪ್ರದಾಯ’, ‘ಕೋರ್ಟು ಯಾಕೆ ಮೂಗು ತೂರಿಸಬೇಕು’, ‘ನಿಜವಾದ ಭಕ್ತೆ ಹೋಗೋದಿಲ್ಲ’. ಪದ ಪದವೂ ನಮ್ಮ ಕಮಿಟಿಯವರದ್ದೇ, ಉಚ್ಚಾರ ಮಾತ್ರ ಬೇರೆ. ಮಸೀದಿಯೇ ಇರಬಾರದು ಅನ್ನುವವರು ಮಸೀದಿಯಲ್ಲಿ ನನಗೆ ಜಾಗ ಕೊಡಿಸಲು ಬರೋದು ಬೇಡ. ನಾನು ಕೇಳುತ್ತಿರೋದು ನನ್ನ ಮನೆಯ ಕೋಣೆ.

ಇನ್ನು ನಮ್ಮ ಹಿರಿಯರಿಗೆ. 2022ರ ಆರಂಭದಲ್ಲಿ ಹಿಜಾಬಿನ ಗಲಾಟೆ ಆಯಿತಲ್ಲ, ನೀವೇನು ಹೇಳಿದಿರಿ? ‘ನಮ್ಮ ಹೆಣ್ಣುಮಕ್ಕಳ ಧಾರ್ಮಿಕ ಹಕ್ಕು’ ಅಂದಿರಿ. ಸಂವಿಧಾನದ 25ನೇ ವಿಧಿ ಅಂದಿರಿ. ಮಾರ್ಚ್ 15ಕ್ಕೆ ಹೈಕೋರ್ಟಿನ ತೀರ್ಪು ಬಂದಾಗ ಸಿಟ್ಟಾದಿರಿ. ನಾನೂ ಸಿಟ್ಟಾಗಿದ್ದೆ, ತಲೆಯ ಮೇಲಿನ ಬಟ್ಟೆಗೋಸ್ಕರ ಪರೀಕ್ಷೆ ತಪ್ಪಿಸಿಕೊಂಡ ಹುಡುಗಿಯರ ಪರ ನಾನೂ ನಿಂತಿದ್ದೆ. ಹೆಣ್ಣಿಗೆ ಧಾರ್ಮಿಕ ಹಕ್ಕು ಇದೆ ಅಂತ ಕಾಲೇಜಿನ ಗೇಟಿನ ಮುಂದೆ ಕೂಗಿದವರು, ಅದೇ ಹಕ್ಕನ್ನು ಅದೇ ಹೆಣ್ಣು ಮಸೀದಿಯ ಗೇಟಿನ ಮುಂದೆ ಕೇಳಿದರೆ ಯಾಕೆ ಕೆಮ್ಮುತ್ತೀರಿ? ಆಯುಧ ಕೊಡುತ್ತಿರೋದು ಕೇಳುವ ನಾನಾ, ಮುಚ್ಚಿದ ಬಾಗಿಲಾ? ಬಾಗಿಲು ತೆರೆದುಬಿಡಿ, ಆಯುಧವೇ ಇರೋದಿಲ್ಲ.

ಕೇಳಿದವರಿಗೆ ಏನಾಗುತ್ತದೆ ಅನ್ನೋದೂ ನಮಗೆ ಗೊತ್ತು. 2000ನೇ ಇಸವಿಯಲ್ಲಿ ಹಾಸನದ ಬಾನು ಮುಷ್ತಾಕ್, ಹೆಂಗಸರಿಗೆ ಮಸೀದಿಗೆ ಹೋಗುವ ಹಕ್ಕಿದೆ ಅಂದದ್ದಕ್ಕೆ ಅವರಿಗೂ ಕುಟುಂಬಕ್ಕೂ ಮೂರು ತಿಂಗಳು ಸಾಮಾಜಿಕ ಬಹಿಷ್ಕಾರ ಹಾಕಿದರು. ಬೆದರಿಕೆ ಕರೆಗಳು ಬಂದವು, ಚಾಕು ಹಿಡಿದು ಒಬ್ಬ ಬಂದ. 2025ರ ಮೇ ತಿಂಗಳಲ್ಲಿ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ಜಮಾತಿನ ವಾಟ್ಸ್ಆ್ಯಪ್ ಗುಂಪುಗಳಲ್ಲೂ ಹೂವು, ಚಪ್ಪಾಳೆ, ಮುಬಾರಕ್. ಬಹಳ ಸಂತೋಷ. ಆದರೆ ಅವರು ಇಪ್ಪತ್ತೈದು ವರ್ಷದ ಹಿಂದೆ ಏನು ಕೇಳಿದ್ದರು ಅಂತ ಆ ಗುಂಪಿನಲ್ಲಿ ನಾನು ಬರೆದೆ. ಒಬ್ಬರೂ ಉತ್ತರಿಸಲಿಲ್ಲ. ಅಡ್ಮಿನ್ ಒಬ್ಬರು ಅಡಿಕೆ ದರ ಹಾಕಿ ವಿಷಯ ಬದಲಿಸಿದರು.

ಕೋರ್ಟಿನ ದಾರಿಯೂ ಇದೆ. ಪುಣೆಯ ದಂಪತಿಯೊಬ್ಬರು 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ ಮುಸ್ಲಿಂ ಪರ್ಸನಲ್ ಲಾ ಬೋರ್ಡು 2020ರ ಜನವರಿಯಲ್ಲಿ ಸಲ್ಲಿಸಿದ ಪ್ರಮಾಣಪತ್ರದಲ್ಲೇ, ಹೆಂಗಸರು ನಮಾಜಿಗೆ ಮಸೀದಿ ಪ್ರವೇಶಿಸಲು ಇಸ್ಲಾಮಿನಲ್ಲಿ ಅನುಮತಿ ಇದೆ, ಕಡ್ಡಾಯ ಇಲ್ಲ ಅಷ್ಟೇ ಅಂತ ಹೇಳಿದೆ. ಇದು ನಾನು ಹೇಳಿದ್ದಲ್ಲ, ಬೋರ್ಡು ಹೇಳಿದ್ದು. ಕೇರಳದಲ್ಲಿ ಹೆಂಗಸರು ಜುಮಾಕ್ಕೆ ಹೋಗುವ ಮಸೀದಿಗಳು ಎಷ್ಟೋ ಇವೆ. ಬೆಂಗಳೂರಿನಲ್ಲೂ ಕೆಲವು ಕಡೆ ಪ್ರತ್ಯೇಕ ಮಹಡಿ ಇದೆ, ನಾನೇ ಹೋಗುತ್ತೇನೆ. ಆಕಾಶ ಬಿದ್ದಿಲ್ಲ. ಕೋರ್ಟು ಹೇಳುವ ತನಕ ಕಾಯೋದು ಬೇಡ ಅಂತಲೇ ನಾನು ಇದನ್ನು ಬರೆಯುತ್ತಿರೋದು. ಕೋರ್ಟು ತೆರೆಸಿದ ಬಾಗಿಲಲ್ಲಿ ಪೊಲೀಸರು ನಿಂತಿರುತ್ತಾರೆ. ಅಮ್ಮಿ ಅಂಥ ಬಾಗಿಲು ದಾಟೋದಿಲ್ಲ.

ಹಾಗಾದರೆ ಯಾರು ತೆರೆಯಬೇಕು? ಇಮಾಮರಾ? ಅವರ ಪರಿಸ್ಥಿತಿ ನೋಡಿ. 2025–26ರ ರಾಜ್ಯ ಬಜೆಟ್ಟಿನಲ್ಲಿ ಪೇಶ್ ಇಮಾಮರ ಗೌರವಧನ ಏರಿಸಿದರು, ಏರಿಸಿದ ಮೇಲೆ ತಿಂಗಳಿಗೆ 6,000 ರೂಪಾಯಿ. ಉಳಿದದ್ದು ಮೊಹಲ್ಲಾದವರು ಕೊಟ್ಟಷ್ಟು. ಇರುವ ಕೋಣೆ ಕಮಿಟಿಯದ್ದು, ಊಟ ಒಬ್ಬೊಬ್ಬರ ಮನೆಯಿಂದ. ಸದರ್ ಸಾಹೇಬರಿಗೆ ಹಿಡಿಸದ ಮಾತು ಒಂದು ಶುಕ್ರವಾರ ಆಡಿದರೆ ಮುಂದಿನ ಶುಕ್ರವಾರ ಅವರು ರೈಲಿನಲ್ಲಿರುತ್ತಾರೆ. ನಮಗೆ ದಾರಿ ತೋರಿಸಬೇಕಾದವರನ್ನು ಇಷ್ಟು ಕೈಕಟ್ಟಿ ಇಟ್ಟಿದ್ದೇವೆ. ಬಾಗಿಲಿನ ಕೀಲಿ ಇರೋದು ಕಮಿಟಿಯ ಕೈಯಲ್ಲಿ. ಕಮಿಟಿಯಲ್ಲಿ ಇರೋದು ಬರೀ ಗಂಡಸರು. ರಾಜ್ಯದ ವಕ್ಫ್ ಮಂಡಳಿಯಲ್ಲಿ ಕನಿಷ್ಠ ಇಬ್ಬರು ಮಹಿಳೆಯರು ಇರಲೇಬೇಕು ಅಂತ 2013ರಲ್ಲೇ ಕಾನೂನು ತಿದ್ದಿದ್ದಾರೆ. ಮಂಡಳಿಯಲ್ಲಿ ಹೆಂಗಸು ಕೂರಬಹುದು, ಮೊಹಲ್ಲಾದ ಕಮಿಟಿಯಲ್ಲಿ ಕೂರಬಾರದು ಅನ್ನೋದು ಯಾವ ಷರಿಯತ್ತು?

ಕಮಿಟಿಗೆ ದುಡ್ಡು ಎಲ್ಲಿಂದ ಬರುತ್ತದೆ? ಈಗ ನಿಮ್ಮ ಕಡೆ ತಿರುಗುತ್ತೇನೆ. ಬೆಂಗಳೂರಿನಲ್ಲಿ, ಪುಣೆಯಲ್ಲಿ, ದುಬೈಯಲ್ಲಿ ಕೂತ ನಮ್ಮೂರ ಹುಡುಗರೇ, ಹುಡುಗಿಯರೇ. ಪ್ರತಿ ರಂಜಾನಿಗೆ ಊರಿನ ಮಸೀದಿಯಿಂದ ಕ್ಯೂಆರ್ ಕೋಡ್ ಬರುತ್ತದೆ. ಈ ಸಲ ಎಸಿ, ಹೋದ ಸಲ ಮಾರ್ಬಲ್, ಅದರ ಹಿಂದಿನ ಸಲ ಕಾಂಪೌಂಡು. ನೀವು ಸಂಬಳ ಬಂದ ದಿನ ಐದೋ ಹತ್ತೋ ಸಾವಿರ ಹಾಕಿ, ಸ್ಕ್ರೀನ್‌ಶಾಟ್ ಕಳಿಸಿ, ನೆಮ್ಮದಿಯಾಗಿ ಮಲಗುತ್ತೀರಿ. ನಿಮ್ಮ ಅಮ್ಮಂದಿರು ಕಾಲಿಡದ ನೆಲಕ್ಕೆ ನೀವು ಮಾರ್ಬಲ್ ಹಾಕಿಸುತ್ತಿದ್ದೀರಿ. ಟೀಮಿನಲ್ಲಿ ‘ಡೈವರ್ಸಿಟಿ’ ಬಗ್ಗೆ ಸ್ಲೈಡು ಮಾಡುವ ನಮ್ಮ ಭಾಯಿಗಳು, ಊರಿಗೆ ಹೋದಾಗ ಶುಕ್ರವಾರ ಅತ್ತರು ಹಚ್ಚಿಕೊಂಡು ಹೊರಟಾಗ, ಹೊಸ್ತಿಲಲ್ಲಿ ನಿಂತ ಹೆಂಡತಿಯನ್ನು ಒಮ್ಮೆ ತಿರುಗಿ ನೋಡಿದ್ದೀರಾ? ನಾನೂ ಮೂರು ವರ್ಷ ಹೀಗೇ ದುಡ್ಡು ಹಾಕಿದ್ದೇನೆ, ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಮುಂದಿನ ಸಲ ಕ್ಯೂಆರ್ ಕೋಡ್ ಬಂದಾಗ ನಾಲ್ಕು ಸಾಲು ಬರೆದು ಕಳಿಸಿ. ಒಂದು, ಹೆಂಗಸರಿಗೆ ಬೇರೆ ಬಾಗಿಲು, ಬೇರೆ ಕೋಣೆ, ವಜೂಗೆ ನೀರು. ಎಲ್ಲ ಹೊತ್ತಿಗೂ ಕಷ್ಟವಾದರೆ ಜುಮಾ ಮತ್ತು ರಂಜಾನಿನ ತರಾವೀಹ್‌ನಿಂದ ಶುರುಮಾಡಲಿ, ಬಸ್‌ಸ್ಟ್ಯಾಂಡ್ ಹತ್ತಿರದ ಮಸೀದಿಯಲ್ಲಿ ಜುಹರ್ ಅಸರ್‌ಗೂ ಇರಲಿ. ಎರಡು, ವಾರಕ್ಕೊಂದು ದಿನ ಆ ಕೋಣೆಯಲ್ಲಿ ಒಬ್ಬ ಆಲಿಮಾ ಕೂರಲಿ, ಪ್ರಶ್ನೆ ಕೇಳಿಸಿಕೊಳ್ಳಲಿ, ಅವರಿಗೆ ಮರ್ಯಾದೆಯ ಸಂಬಳ ಕೊಡೋಣ. ಭಟ್ಕಳದ ಹೆಣ್ಣುಮಕ್ಕಳ ಮದರಸಾದಲ್ಲಿ ಓದಿದವರಿದ್ದಾರೆ, ಕರೆಯುವವರಿಲ್ಲ ಅಷ್ಟೇ. ಮೂರು, ಜುಮಾದ ಅರಬಿ ಖುತ್ಬಾ ಇದ್ದ ಹಾಗೇ ಇರಲಿ, ಅದರ ಮುಂಚಿನ ಬಯಾನಿನಲ್ಲಿ ಹತ್ತು ನಿಮಿಷ ಕನ್ನಡ ಬರಲಿ. ಮಂಗಳೂರು ಉಡುಪಿ ಕಡೆ ಕನ್ನಡದಲ್ಲೇ ಪ್ರವಚನ ನಡೆಯುವ ಮಸೀದಿಗಳಿವೆ, ಕನ್ನಡದಲ್ಲಿ ಕುರ್‌ಆನ್ ಅನುವಾದ ಬಂದೂ ಎಷ್ಟೋ ವರ್ಷಗಳಾದವು. ಅಕ್ಕ ಬರೆದ ಚೀಟಿಯನ್ನು ಓದಬಲ್ಲವರು ಒಬ್ಬರಾದರೂ ಅಲ್ಲಿರಲಿ. ನಾಲ್ಕು, ಕಮಿಟಿಯಲ್ಲಿ ಇಬ್ಬರು ಹೆಂಗಸರು.

ಇದಿಷ್ಟು ಆದರೆ ದುಡ್ಡು ಹಾಕಿ, ಎರಡರಷ್ಟು ಹಾಕಿ. ಆಗದಿದ್ದರೆ ಎಸಿ ಇಲ್ಲದೆ ನಮಾಜ್ ಮಾಡಲಿ, ಶಿರಸಿಯಲ್ಲಿ ಅಷ್ಟೇನೂ ಸೆಖೆ ಇಲ್ಲ.

ಹೋದ ತಿಂಗಳು ಊರಿಗೆ ಹೋಗಿದ್ದಾಗ ಇದನ್ನೆಲ್ಲ ಅಮ್ಮಿಗೆ ಹೇಳಿದೆ. ನಾನು ಬರೆಯುತ್ತೇನೆ, ಜನ ಬೈಯಬಹುದು ಅಂತಲೂ ಹೇಳಿದೆ. ಅವಳು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದಳು. ಹದೀಸ್, ಹನಫಿ, ಸುಪ್ರೀಂ ಕೋರ್ಟು, ಯಾವುದರ ಬಗ್ಗೆಯೂ ಒಂದು ಮಾತೂ ಆಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, ‘ಅಲ್ಲಿ ಕೂತು ನಮಾಜ್ ಮಾಡೋಕೆ ಒಂದು ಕುರ್ಚಿ ಇರುತ್ತಾ? ನನಗೆ ನೆಲದ ಮೇಲೆ ಆಗಲ್ಲ ಈಗ.’